ಬೆಟ್ಟದ ಹೂವಿನಿಂದ ಗಂಧದ ಗುಡಿಗೆ

ಮಗುವಿನ ಅಭಿನಯವನ್ನು ಕಂಡು ಮೆಚ್ಚದವರು ವಿರಳ. ರಂಗದ ಮೇಲಾಗಲಿ, ಬೆಳ್ಳಿಯ ತೆರೆಯ ಮೇಲಾಗಲಿ, ಹಸುಳೆಯೊಂದು ಎರಡು ಮಾತನ್ನು ತೊದಲಿದರೆ ಸಾಕು, ನೋಡುವವರ ಮನಸ್ಸು ಕರಗುವುದು. ಆದರೆ ಆ ಮೆಚ್ಚುಗೆಯಲ್ಲಿ ಅಭಿನಯಕ್ಕೆ ಸಲ್ಲುವ ಪಾಲೆಷ್ಟು, ಬರಿಯ ಮಗುತನಕ್ಕೆ ಸಲ್ಲುವ ಪಾಲೆಷ್ಟು ಎಂದು ವಿಂಗಡಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ವಿಂಗಡಿಸುವ ಹೊತ್ತು ತಾನಾಗಿಯೇ ಬರುತ್ತದೆ. ಮಗು ಬೆಳೆಯುತ್ತದೆ, ಧ್ವನಿ ಒಡೆಯುತ್ತದೆ, ಮೀಸೆ ಮೂಡುತ್ತದೆ. ಪ್ರಕೃತಿಯು ಕಡವಾಗಿ ಕೊಟ್ಟಿದ್ದ ಮುದ್ದನ್ನು ಆಗ ಹಿಂದಕ್ಕೆ ಪಡೆದುಕೊಳ್ಳುವಳು. ಅನೇಕ ಬಾಲನಟರ ಕಥೆ ಅಲ್ಲಿಗೆ ಮುಗಿಯುವುದು. ಜನರು ಅವರ ಹಳೆಯ ಮುಖವನ್ನು ನೆನೆದು ಹಂಬಲಿಸುವರು. ಹೊಸ ಮುಖವನ್ನು ಗುರುತಿಸಲೊಲ್ಲರು. ಬಾಲ್ಯದಲ್ಲಿ ಬಂದ ಕೀರ್ತಿಯನ್ನು ವಯಸ್ಸು ಬಂದಮೇಲೆ ದುಡಿದು ತೀರಿಸಬೇಕಾದ ಸಾಲವೆಂದರೆ ತಪ್ಪಾಗದು.

ಪುನೀತ್ ರಾಜ್‌ಕುಮಾರರ ಮೇಲೆ ಇಂಥ ಸಾಲಗಳು ಎರಡಿದ್ದುವು. ಒಂದು ತಮ್ಮದೇ ಬಾಲ್ಯದ್ದು; ಮತ್ತೊಂದು ತಂದೆಯ ಹೆಸರಿನದು. ಅವರು ಹುಟ್ಟಿದುದು 1975ನೆಯ ಇಸವಿ ಮಾರ್ಚ್ 17ರಂದು, ಮದರಾಸಿನಲ್ಲಿ. ಡಾಕ್ಟರ್ ರಾಜ್‌ಕುಮಾರ್ ಮತ್ತು ಪಾರ್ವತಮ್ಮನವರ ಐವರು ಮಕ್ಕಳಲ್ಲಿ ಅವರೇ ಕಿರಿಯರು. ತೊಟ್ಟಿಲ ಕೂಸಾಗಿದ್ದಾಗಲೇ ‘ಪ್ರೇಮದ ಕಾಣಿಕೆ’ ಎಂಬ 1976ರ ಚಿತ್ರದಲ್ಲಿ ಅವರ ಮುಖ ತೆರೆಯ ಮೇಲೆ ಕಂಡಿತು. ಆ ಪ್ರಾಯದ ಕೂಸಿಗೆ ಅಭಿನಯವೆಂದರೇನು, ಪ್ರೇಕ್ಷಕರೆಂದರೇನು? ಮನೆಯಲ್ಲಿ ಎತ್ತಿ ಆಡಿಸುವ ಕೈಗಳೇ ಅಲ್ಲಿಯೂ ಎತ್ತಿ ಆಡಿಸಿದುವು. ಕಂದನು ಅಳಬೇಕಾದಾಗ ಅತ್ತು, ನಗಬೇಕಾದಾಗ ನಕ್ಕನು. ಅಲ್ಲಿಂದ 1989ರ ‘ಪರಶುರಾಮ್’ ಚಿತ್ರದವರೆಗೆ ಹದಿಮೂರು ವರ್ಷಗಳ ಕಾಲ ಕನ್ನಡನಾಡಿನ ಜನರು ಈ ಬಾಲಕನ ಬೆಳವಣಿಗೆಯನ್ನು ನೆರೆಮನೆಯ ಹುಡುಗನ ಬೆಳವಣಿಗೆಯನ್ನು ನೋಡುವಂತೆ ನೋಡಿದರು. ಇಷ್ಟು ಜನರ ಕಣ್ಣೆದುರಿನಲ್ಲಿ ಬೆಳೆಯುವುದು ಭಾಗ್ಯವೂ ಹೌದು, ಭಾರವೂ ಹೌದು.

ಆ ಕಾಲದ ಚಿತ್ರಗಳೆಲ್ಲವನ್ನೂ ಇಲ್ಲಿ ಎಣಿಸಬೇಕಾಗಿಲ್ಲ. ‘ವಸಂತ ಗೀತ’, ‘ಭಾಗ್ಯವಂತ’, ‘ಚಲಿಸುವ ಮೋಡಗಳು’, ‘ಎರಡು ನಕ್ಷತ್ರಗಳು’ ಮುಂತಾದುವುಗಳಲ್ಲಿ ಬಾಲಕನ ಚುರುಕುತನವೂ ಕಂಠದ ಇಂಪೂ ಮನಸ್ಸನ್ನು ಸೆಳೆಯುವುವು. ತನ್ನ ಹಾಡನ್ನು ತಾನೇ ಹಾಡಬಲ್ಲ ಬಾಲನಟರು ಎಲ್ಲಿಯೂ ಹೆಚ್ಚಾಗಿ ಇರುವುದಿಲ್ಲ. ಕಡೆಯ ಎರಡು ಚಿತ್ರಗಳ ಅಭಿನಯಕ್ಕಾಗಿ ರಾಜ್ಯ ಸರಕಾರದ ಬಾಲನಟ ಪ್ರಶಸ್ತಿಯು ಅವರಿಗೆ ದೊರೆಯಿತು. ಆದರೂ ಅವುಗಳಲ್ಲಿ ಕಥೆಯ ಭಾರವನ್ನು ಹೊತ್ತವರು ತಂದೆ. ಮಗನು ತಂದೆಯ ನೆರಳಿನಲ್ಲಿ ಆಡಿಕೊಂಡಿರುವ ಕೂಸು.

1983ರ ‘ಭಕ್ತ ಪ್ರಹ್ಲಾದ’ದಲ್ಲಿ ಮೊದಲ ಬಾರಿಗೆ ಸಂಗತಿ ಬೇರೆಯಾಯಿತು. ಅಲ್ಲಿ ತಂದೆಯು ಹಿರಣ್ಯಕಶಿಪು, ಮಗನು ಪ್ರಹ್ಲಾದ. ರಾಜ್‌ಕುಮಾರರ ಹಿರಣ್ಯಕಶಿಪು ಗರ್ಜಿಸಿದರೆ ಚಿತ್ರಮಂದಿರದ ಗೋಡೆ ನಡುಗುವಂತಿತ್ತು. ಗುಬ್ಬಿ ವೀರಣ್ಣನವರ ಕಂಪೆನಿಯ ನಾಟಕಗಳಲ್ಲಿ ಪಳಗಿದ ಕಂಠವದು. ಅದರ ಎದುರಿಗೆ ಎಂಟು ವರ್ಷದ ಬಾಲಕನು ಧ್ವನಿಯನ್ನು ಏರಿಸದೆ, ಕಣ್ಣನ್ನು ತಗ್ಗಿಸದೆ ನಿಲ್ಲಬೇಕಾಗಿತ್ತು. ನಿಂತನು. ಪ್ರಹ್ಲಾದನ ಧೈರ್ಯವು ಹಟಮಾರಿತನವಲ್ಲ. ತಂದೆಯ ಮೇಲಣ ಪ್ರೀತಿ ಮಾಸದೆಯೂ ಅವನ ಮಾತನ್ನು ಮೀರುವ ಧೈರ್ಯ. ಆ ಸೂಕ್ಷ್ಮವನ್ನು ಬಾಲಕನಿಗೆ ಯಾರು ಹೇಳಿಕೊಟ್ಟರೋ! ಬಹುಶಃ ಹೇಳಿಕೊಡುವ ಅಗತ್ಯವೇ ಇರಲಿಲ್ಲ. ಗದ್ದರಿಸುವವನು ತನ್ನ ತಂದೆಯೇ ಎಂಬ ಅಭಯವು ಅವನ ಮುಖದಲ್ಲಿ ಸಹಜವಾಗಿ ಇದ್ದಿತು. ಪುರಾಣದ ಪ್ರಹ್ಲಾದನಿಗೆ ಬೇಕಾದುದೂ ಅಂಥ ಒಂದು ಅಭಯವೇ.

ಆದರೆ ಬಾಲನಟನಾಗಿ ಅವರ ಅತ್ಯುತ್ತಮ ಚಿತ್ರವು 1985ರ ‘ಬೆಟ್ಟದ ಹೂವು’ ಎಂಬುದರಲ್ಲಿ ಸಂಶಯವಿಲ್ಲ. ಇದರಲ್ಲಿ ತಂದೆಯ ನೆರಳಿಲ್ಲ. ‘ನಾಂದಿ’ಯನ್ನೂ ‘ಅಬಚೂರಿನ ಪೋಸ್ಟಾಫೀಸ’ನ್ನೂ ತೆಗೆದ ಎನ್. ಲಕ್ಷ್ಮೀನಾರಾಯಣ್ ಅವರು ಇದನ್ನು ನಿರ್ದೇಶಿಸಿದರು. ಶರ್ಲಿ ಅರೋರಾ ಎಂಬ ಲೇಖಕಿಯ ಇಂಗ್ಲಿಷ್ ಕಾದಂಬರಿಯೊಂದು ಇದರ ಮೂಲ. ಕಥೆ ಸಣ್ಣದು. ಮಲೆಯ ಊರಿನ ಬಡಹುಡುಗ ರಾಮು. ಓದುವ ಆಸೆ ಬಹಳ. ಆದರೆ ಬಡತನವು ಶಾಲೆಯಿಂದ ಅವನನ್ನು ಎಳೆದು ದುಡಿಮೆಗೆ ಹಚ್ಚುವುದು. ಸಸ್ಯಶಾಸ್ತ್ರದ ಅಭ್ಯಾಸಕ್ಕೆಂದು ಬಂದ ವಿದೇಶೀ ಮಹಿಳೆಯೊಬ್ಬಳಿಗೆ ಅವನು ಕಾಡಿನ ಅಪರೂಪದ ಹೂಗಳನ್ನು ಹುಡುಕಿ ತಂದು ಕೊಡುವನು. ಅವಳು ಕೊಟ್ಟ ಹಣವನ್ನು ಕೂಡಿಡುವನು. ಯಾತಕ್ಕೆ? ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಗ್ರಂಥವನ್ನು ಕೊಳ್ಳುವುದಕ್ಕೆ. ಹತ್ತು ವರ್ಷದ ಹುಡುಗನು ಮಿಠಾಯಿಗೆ ಆಸೆಪಡದೆ ಮಹಾಕಾವ್ಯಕ್ಕೆ ಆಸೆಪಡುವುದು ನಂಬಲಾಗದ ಮಾತೆಂದು ತೋರಬಹುದು. ಆದರೆ ಆ ಬಾಲಕನ ಮುಖವನ್ನು ನೋಡಿದಮೇಲೆ ನಂಬದಿರುವುದು ಸಾಧ್ಯವಿಲ್ಲ.

ಕೊನೆಗೆ ಹಣ ಕೂಡುವುದು. ಆದರೆ ಮನೆಯಲ್ಲಿ ಚಳಿಗೆ ಹೊದೆಯಲು ಬಟ್ಟೆಯಿಲ್ಲ. ಗ್ರಂಥವೋ, ಕಂಬಳಿಯೋ? ರಾಮು ಕಂಬಳಿಯನ್ನು ಕೊಳ್ಳುವನು. ಇಂಥ ಸಂದರ್ಭದಲ್ಲಿ ಬೇರೆ ಬಾಲನಟರು ಕಣ್ಣೀರು ಸುರಿಸಿ, ಕಥೆಗಾರರು ಉದ್ದುದ್ದ ಮಾತನಾಡಿಸಿ, ಪ್ರೇಕ್ಷಕರನ್ನು ಅಳಿಸದೆ ಬಿಡುತ್ತಿರಲಿಲ್ಲ. ‘ಬೆಟ್ಟದ ಹೂವಿ’ನಲ್ಲಿ ಅದಿಲ್ಲ. ತ್ಯಾಗ ಮಾಡಿದೆನೆಂಬ ಭಾವವೇ ಹುಡುಗನಿಗೆ ಇದ್ದಂತೆ ಕಾಣುವುದಿಲ್ಲ. ಮನೆಯ ಮಗನು ಮಾಡಬೇಕಾದುದನ್ನು ಮಾಡಿದನು, ಅಷ್ಟೆ. ಬಡವರ ಮನೆಯ ಮಕ್ಕಳು ದೊಡ್ಡವರಾಗುವುದು ಹೀಗೆಯೇ: ಒಂದು ಸಂಜೆ, ಯಾರಿಗೂ ಹೇಳದೆ. ಈ ಅಭಿನಯಕ್ಕಾಗಿ ರಾಷ್ಟ್ರೀಯ ಚಲಚ್ಚಿತ್ರ ಪ್ರಶಸ್ತಿಯು ಪುನೀತರಿಗೆ ಬಂದಿತು. ನಾಡಿನ ಅತ್ಯಂತ ಪ್ರಸಿದ್ಧ ಮನೆಯೊಂದರಲ್ಲಿ, ಕೊರತೆಯೆಂಬುದಿಲ್ಲದೆ ಬೆಳೆಯುತ್ತಿದ್ದ ಬಾಲಕನು ಕೊರತೆಯೊಂದನ್ನೇ ಉಂಡು ಬೆಳೆದ ಹುಡುಗನಾಗಿ ಕಾಣಿಸಿಕೊಂಡನೆಂಬುದನ್ನು ನೆನೆದರೆ, ಇಲ್ಲಿ ಮಗುತನದ ಜತೆಗೆ ಕಲೆಯೂ ಇದ್ದಿತೆಂದು ಒಪ್ಪಲೇಬೇಕು.

ಆಮೇಲೆ ಬಂದುದು ಮೌನ. 1989ರಿಂದ 2002ರವರೆಗೆ, ಮತ್ತೆ ಹದಿಮೂರು ವರ್ಷ, ಅವರು ನಟರಾಗಿ ತೆರೆಯ ಮೇಲೆ ಬರಲಿಲ್ಲ. ಈ ಅವಧಿಯು ಅವರಿಗೆ ಒಳಿತನ್ನೇ ಮಾಡಿತೆನ್ನಬೇಕು. ಧ್ವನಿ ಒಡೆಯುವ ಪ್ರಾಯದ ಪೇಚಾಟವನ್ನು ಪ್ರೇಕ್ಷಕರು ಕಾಣಲಿಲ್ಲ. ಮರಳಿ ಬಂದಾಗ ಅವರಿಗೆ ಇಪ್ಪತ್ತೇಳು ವರ್ಷ. ಬಂದ ಚಿತ್ರದ ಹೆಸರು ‘ಅಪ್ಪು’. ಮನೆಯವರು ಕರೆಯುತ್ತಿದ್ದ ಮುದ್ದಿನ ಹೆಸರು. ಪುರಿ ಜಗನ್ನಾಥರು ನಿರ್ದೇಶಿಸಿದ ಆ ಚಿತ್ರದಲ್ಲಿ ಮುಖ್ಯ ಪೇದೆಯ ಮಗನೊಬ್ಬನು ಪೊಲೀಸ್ ಮೇಲಧಿಕಾರಿಯ ಮಗಳನ್ನು ಪ್ರೀತಿಸಿ, ಹೊಡೆತ ತಿಂದು, ಹೊಡೆದು, ಗೆಲ್ಲುವನು. ಕುಣಿತ, ಹೊಡೆದಾಟ, ಚುರುಕು ಮಾತು ಎಲ್ಲವೂ ಇದ್ದುವು. ಜನರು ಮುಗಿಬಿದ್ದು ನೋಡಿದರು. ಅದೇ ಕಥೆಯು ತೆಲುಗು ತಮಿಳುಗಳಿಗೂ ಹೋಯಿತು. ಸಾಲದ ಮೊದಲ ಕಂತು ಸಂದಿತು. ಆದರೆ ಸಂದ ಹಣವು ಬೇರೆ ನಾಣ್ಯದ್ದು. ರಾಮುವಿನ ಕಣ್ಣಿನಲ್ಲಿದ್ದ ಆ ತಗ್ಗಿದ ಬೆಳಕು ‘ಅಪ್ಪು’ವಿನಲ್ಲಿ ಎಲ್ಲಿ ಎಂದು ಹುಡುಕುವವರಿಗೆ ಅದು ಸಿಕ್ಕದು.

ಮುಂದಿನ ವರ್ಷಗಳಲ್ಲಿ ‘ಅಭಿ’, ‘ಆಕಾಶ್’, ‘ಅರಸು’ ಮುಂತಾದ ಚಿತ್ರಗಳು ಒಂದರಮೇಲೊಂದು ಗೆದ್ದುವು. ಜನಪ್ರಿಯತೆ ಏರಿದಂತೆಲ್ಲ ಪಾತ್ರದ ಸುತ್ತಲೂ ಒಂದು ಅಚ್ಚು ಬಿಗಿಯುತ್ತ ಬಂದಿತು. ನಾಯಕನು ಇಂತಿಷ್ಟು ಜನರನ್ನು ಹೊಡೆದುರುಳಿಸಬೇಕು, ಇಂತಿಷ್ಟು ಹಾಡಿಗೆ ಕುಣಿಯಬೇಕು, ತಾಯಿಯ ಕಾಲಿಗೆ ಎರಗಬೇಕು. ಅಭಿಮಾನಿಗಳ ಪ್ರೀತಿಯೇ ಈ ಅಚ್ಚನ್ನು ಎರೆದುದು. ಆದುದರಿಂದಲೇ ಅದನ್ನು ಒಡೆಯುವುದು ಕಷ್ಟ. ಇಂಥ ಚಿತ್ರಗಳಲ್ಲಿ ಅನೇಕವನ್ನು ಒಂದು ಸಲ ನೋಡಿ ಸಂತೋಷಪಟ್ಟು ಮರೆಯಬಹುದು. ಅವರ ಶಕ್ತಿಯು ಅಲ್ಲಿ ಕಾಣುವುದು, ಅಂತರಂಗ ಕಾಣುವುದಿಲ್ಲ.

ಅಚ್ಚು ಸಡಿಲಿದುದು 2007ರ ‘ಮಿಲನ’ದಲ್ಲಿ. ಪ್ರಕಾಶರು ನಿರ್ದೇಶಿಸಿದ ಈ ಚಿತ್ರದ ನಾಯಕ ಆಕಾಶನು ಬಾನುಲಿಯಲ್ಲಿ ಮಾತನಾಡಿ ಜನರನ್ನು ನಗಿಸುವ ಉದ್ಯೋಗದವನು. ಹಿರಿಯರ ಮಾತಿಗೆ ಒಪ್ಪಿ ಮದುವೆಯಾದ ಹೆಣ್ಣು, ತನ್ನ ಮನಸ್ಸು ಬೇರೊಬ್ಬನಲ್ಲಿದೆ, ತನಗೆ ವಿಚ್ಛೇದನ ಬೇಕು ಎನ್ನುವಳು. ಅವನು ಗದ್ದಲ ಮಾಡುವುದಿಲ್ಲ. ಅವಳಿಗೆ ಬೇಕಾದುದು ದೊರೆಯಲೆಂದು ತಾನೇ ನೆರವಾಗಲು ನಿಲ್ಲುವನು. ಒಂದೇ ಮನೆಯಲ್ಲಿ ಗಂಡನೆಂಬ ಹೆಸರಿನಿಂದ ಇದ್ದುಕೊಂಡು ಸ್ನೇಹಿತನಂತೆ ನಡೆದುಕೊಳ್ಳುವುದು, ಅವಳ ಸುಖವನ್ನು ಬಯಸುತ್ತ ತನ್ನ ಬಯಕೆಯನ್ನು ನುಂಗಿಕೊಳ್ಳುವುದು ಈ ಪಾತ್ರದ ತಿರುಳು. ಗಟ್ಟಿಯಾಗಿ ಮಾತನಾಡಿದರೆ ಕೆಡುವ ಪಾತ್ರವಿದು. ಪುನೀತರು ಇದನ್ನು ಮೆಲುದನಿಯಲ್ಲಿಯೇ ನಡೆಯಿಸಿದರು. ಹುಡುಕುತ್ತಿದ್ದವರಿಗೆ ರಾಮು ಇಲ್ಲಿ ಸಿಕ್ಕಿದನು. ಅಂದು ಪುಸ್ತಕವನ್ನು ಬಿಟ್ಟು ಕಂಬಳಿಯನ್ನು ತಂದ ಹುಡುಗನೇ ಬೆಳೆದು ಗೃಹಸ್ಥನಾಗಿ, ತನ್ನದನ್ನು ಕೇಳದೆ ಪರರಿಗೆ ಬೇಕಾದುದನ್ನು ಹೊತ್ತು ನಿಂತಂತೆ ತೋರುವುದು. ರಾಜ್ಯದ ಅತ್ಯುತ್ತಮ ನಟ ಪ್ರಶಸ್ತಿಯು ಈ ಚಿತ್ರಕ್ಕಾಗಿ ಅವರಿಗೆ ಬಂದುದು ಯೋಗ್ಯವೇ ಆಯಿತು. ಬಾಲ್ಯದಲ್ಲಿ ದೈವದತ್ತವಾಗಿದ್ದುದನ್ನು ಮೂವತ್ತೆರಡನೆಯ ವಯಸ್ಸಿನಲ್ಲಿ ಅವರು ಸ್ವಂತ ಗಳಿಕೆಯಾಗಿ ಪಡೆದರು.

2010ರ ‘ಪೃಥ್ವಿ’ಯು ಬಳ್ಳಾರಿಯ ಗಣಿಗಳ ನಡುವೆ ನಡೆಯುವ ಕಥೆ, ಅಲ್ಲಿಗೆ ಬಂದ ಪ್ರಾಮಾಣಿಕ ಜಿಲ್ಲಾಧಿಕಾರಿಯಾಗಿ ಅವರ ಬಿಗಿಯಾದ ನಡೆನುಡಿ ಒಪ್ಪುವಂತಿದೆ. ಅದೇ ವರ್ಷದ ‘ಜಾಕಿ’ ಹೆಚ್ಚು ಗದ್ದಲದ್ದು. ಅದಕ್ಕೂ ರಾಜ್ಯಪ್ರಶಸ್ತಿ ಬಂದಿತು. 2011ರಲ್ಲಿ ಯೋಗರಾಜ ಭಟ್ಟರ ‘ಪರಮಾತ್ಮ’ವು ರೂಢಿಯ ನಾಯಕನನ್ನು ಬಿಟ್ಟು ಲಹರಿಯಂತೆ ಅಲೆಯುವ ಮನುಷ್ಯನೊಬ್ಬನನ್ನು ಅವರಿಂದ ಮಾಡಿಸಿತು. 2017ರ ‘ರಾಜಕುಮಾರ’ದಲ್ಲಿ ಅವರು ತಂದೆಯ ಸಾಲವನ್ನು ನೇರವಾಗಿ ಎದುರಿಸಿದರು. ಹೆಸರೇ ತಂದೆಯದು, ಕಥೆಯು ಮಕ್ಕಳು ಕೈಬಿಟ್ಟ ವೃದ್ಧರದು, 1971ರ ‘ಕಸ್ತೂರಿ ನಿವಾಸ’ದ ನೆನಪು ಚಿತ್ರದ ಉದ್ದಕ್ಕೂ ಸುಳಿಯುವುದು. ತಂದೆಯನ್ನು ಅನುಕರಿಸಲು ಹೊರಟಿದ್ದರೆ ಸೋಲುತ್ತಿದ್ದರು. ಅವರು ಅನುಕರಿಸಲಿಲ್ಲ, ಹಿರಿಯರ ಮುಂದೆ ನಿಂತ ಕಿರಿಯನ ವಿನಯವನ್ನು ಮಾತ್ರ ತೋರಿದರು. ಚಿತ್ರದಲ್ಲಿ ಅತಿಯಾದುದು ಬಹಳವಿದ್ದರೂ ಈ ವಿನಯವು ಪೊಳ್ಳಲ್ಲ.

2021ನೆಯ ಇಸವಿ ಅಕ್ಟೋಬರ್ 29ರಂದು, ನಲವತ್ತಾರನೆಯ ವಯಸ್ಸಿನಲ್ಲಿ, ಅವರು ಹಠಾತ್ತಾಗಿ ತೀರಿಕೊಂಡರು. ಮರುವರ್ಷ ಅವರ ಹುಟ್ಟಿದ ದಿನದಂದು ‘ಜೇಮ್ಸ್’ ಚಿತ್ರವು ತೆರೆಗೆ ಬಂದಾಗ ಪಾತ್ರಕ್ಕೆ ಧ್ವನಿಯನ್ನು ಕೊಟ್ಟವರು ಅಣ್ಣ ಶಿವರಾಜ್‌ಕುಮಾರರು. ತಮ್ಮನ ಮುಖ, ಅಣ್ಣನ ಧ್ವನಿ. ಬಾಲ್ಯದಿಂದಲೂ ತನ್ನ ಹಾಡನ್ನು ತಾನೇ ಹಾಡಿದ ಕಂಠವು ಇಲ್ಲದಿರುವುದನ್ನು ಆ ದಿನ ಚಿತ್ರಮಂದಿರದಲ್ಲಿ ಕುಳಿತವರು ಅರಿತರು.

ಆದರೆ ಕೊನೆಯ ಮಾತು ಅದಾಗಲಿಲ್ಲ. 2022ರ ಅಕ್ಟೋಬರ್ 28ರಂದು, ಮರಣದ ವರ್ಷ ತುಂಬುವ ಮುನ್ನಾದಿನ, ‘ಗಂಧದ ಗುಡಿ’ ಬಂದಿತು. ಅದೇ ಹೆಸರಿನ 1973ರ ಚಿತ್ರದಲ್ಲಿ ರಾಜ್‌ಕುಮಾರರು ಅರಣ್ಯಾಧಿಕಾರಿಯ ಪಾತ್ರವನ್ನು ವಹಿಸಿ ಕಾಡನ್ನು ಕಾದಿದ್ದರು. ಮಗನು ವಹಿಸಿದುದು ಯಾವ ಪಾತ್ರವನ್ನೂ ಅಲ್ಲ. ವನ್ಯಜೀವಿಗಳ ಚಿತ್ರಗಾರರಾದ ಅಮೋಘವರ್ಷರೊಡನೆ ಪುನೀತರು ಪುನೀತರಾಗಿಯೇ ನಾಡಿನ ಕಾಡುಗಳನ್ನೂ ನದಿಗಳನ್ನೂ ಸುತ್ತುವರು. ನೇತ್ರಾಣಿ ದ್ವೀಪದ ಬಳಿ ಕಡಲಿನೊಳಗೆ ಇಳಿಯುವರು. ತಂದೆಯ ಊರಾದ ಗಾಜನೂರನ್ನು ನೋಡುವರು. ಹಾವೆಂದರೆ ತಮಗೆ ಭಯವೆಂಬುದನ್ನು ಮುಚ್ಚಿಡುವುದಿಲ್ಲ. ನೂರು ಜನರನ್ನು ಹೊಡೆದುರುಳಿಸಿದ ನಾಯಕನು ತನ್ನ ಅಂಜಿಕೆಯನ್ನು ಹೀಗೆ ಒಪ್ಪಿಕೊಳ್ಳುವುದನ್ನು ಅಭಿಮಾನಿಗಳು ನಕ್ಕು, ಅತ್ತು, ನೋಡಿದರು. ಅವರು ತಾವೇ ಎರೆದಿದ್ದ ಅಚ್ಚು ಅಲ್ಲಿ ಒಡೆದುಹೋಗಿತ್ತು. ಯಾರಿಗೂ ಅದರ ಬಗ್ಗೆ ವ್ಯಥೆಯಾಗಲಿಲ್ಲ.

ನಲವತ್ತೈದು ವರ್ಷಗಳ ಈ ಚಿತ್ರಜೀವನದಲ್ಲಿ ಮೂರನ್ನೇ ಆರಿಸಬೇಕೆಂದರೆ ‘ಬೆಟ್ಟದ ಹೂವು’, ‘ಮಿಲನ’, ‘ಗಂಧದ ಗುಡಿ’ ಎಂದು ಹೇಳಬೇಕಾಗುವುದು. ಮೂರರಲ್ಲಿಯೂ ಗೆಲ್ಲುವವನ ಅಬ್ಬರವಿಲ್ಲ. ತನಗಾಗಿ ಬೇಡದವನ ಸಮಾಧಾನವಿದೆ. ಬಾಲನಟನು ಬೆಳೆದಮೇಲೆ ತನ್ನ ಬಾಲ್ಯವನ್ನು ಕಳೆದುಕೊಳ್ಳುವನೆಂಬುದು ಲೋಕದ ಅನುಭವ. ಪುನೀತರು ಅದನ್ನು ಕಳೆದುಕೊಳ್ಳಲಿಲ್ಲ. ಬಹುಕಾಲ ಜನರ ಗದ್ದಲದ ನಡುವೆ ಎಲ್ಲಿಯೋ ಇಟ್ಟುಕೊಂಡಿದ್ದು, ಆಗಾಗ ಹೊರಗೆ ತೆಗೆದರು. ಹತ್ತು ವರ್ಷದವನಾಗಿದ್ದಾಗ ರಾಮು ಕಾಡನ್ನು ಹೊಕ್ಕುದು ಹೂವನ್ನು ಕಿತ್ತು ಮಾರುವುದಕ್ಕಾಗಿ. ಬಡತನವು ಅವನನ್ನು ಅಲ್ಲಿಗೆ ಅಟ್ಟಿತ್ತು. ಕಡೆಯ ಸಲ ಕಾಡಿಗೆ ಬಂದ ಆ ಹಿರಿಯ ಬಾಲಕನು ಅಲ್ಲಿಂದ ಏನನ್ನೂ ಕೀಳಲಿಲ್ಲ. ಕಣ್ತುಂಬ ನೋಡಿದನು, ನೋಡಿರೆಂದು ಇತರರಿಗೆ ತೋರಿಸಿದನು, ಬರಿಗೈಯಲ್ಲಿ ಹಿಂದಿರುಗಿದನು.