ಮಣ್ಣಿನ ಮಗಳು

ಕಾಲೇಜಿನ ಸಂಚಿಕೆಯಲ್ಲಿ ಚಿತ್ರಕಥೆಯ ಮಾತೇ ಎಂದು ಗುರುಗಳು ಹುಬ್ಬೇರಿಸಬಹುದು; ಕ್ಷಮೆಯಿರಲಿ.

ಅಮೆರಿಕದ ವೀರನಾರಿ ವಂಡರ್ ವುಮನ್ 1941ರಲ್ಲಿ ಹುಟ್ಟಿದವಳು. ವಿಲಿಯಂ ಮಾರ್ಸ್ಟನ್ ಎಂಬ ಮನಶ್ಶಾಸ್ತ್ರಜ್ಞ ಬರೆದ ಕಥೆಯಂತೆ, ಗಂಡಸರಿಲ್ಲದ ದ್ವೀಪದ ರಾಣಿ ಹಿಪ್ಪೊಲಿಟಾ ಜೇಡಿಮಣ್ಣಿನಿಂದ ಹೆಣ್ಣುಕೂಸೊಂದನ್ನು ಮಾಡಿದಳು. ಅಫ್ರೊಡೈಟಿ ದೇವಿ ಅದಕ್ಕೆ ಜೀವ ಕೊಟ್ಟಳು. ನಮ್ಮ ಗೌರಿ ಗಣಪನನ್ನು ಮಾಡಿದ ಹಾಗೆಯೇ! 1987ರಲ್ಲಿ ಜಾರ್ಜ್ ಪೆರೆಜ್ ಈ ಕಥೆಯನ್ನು ಹೊಸದಾಗಿ ಹೇಳಿದಾಗಲೂ ಮಣ್ಣು ಉಳಿಯಿತು.

2011ರಲ್ಲಿ ಬ್ರಯಾನ್ ಅಜ್ಜರೆಲೊ ಮತ್ತೆ ಮೊದಲಿನಿಂದ ಬರೆದರು. ಕ್ಲಿಫ್ ಚಿಯಾಂಗ್ ಚಿತ್ರ ಬಿಡಿಸಿದರು. ಅದರಲ್ಲಿ ಮಣ್ಣಿನ ಕಥೆ ತಾಯಿ ಕಟ್ಟಿದ ಸುಳ್ಳು. ತಂದೆ ದೇವರಾಜ ಜೀಯಸ್. ಅವನ ಮಡದಿ ಹೀರಾಳ ಕೋಪದಿಂದ ಮಗುವನ್ನು ಉಳಿಸಲು ಹಾಗೆ ಹೇಳಿದ್ದಳು. ಮಗಳು ಡಯಾನಾ ಸಿಟ್ಟಾಗಿ ದ್ವೀಪವನ್ನೇ ಬಿಟ್ಟಳು. ಮನಸ್ಸು ಕರಗಿ ಮರಳುವಷ್ಟರಲ್ಲಿ ಹೀರಾ ತಾಯಿಯನ್ನು ಪ್ರತಿಮೆಯಾಗಿಸಿದ್ದಳು.

ತಂದೆಯೊಬ್ಬನನ್ನು ಹುಡುಕಿ ತಂದದ್ದು ನನಗೆ ಇಂದಿಗೂ ಒಪ್ಪಿಗೆಯಿಲ್ಲ. ಆದರೆ ಆ ಪ್ರತಿಮೆಯ ಪುಟವನ್ನು ಬೇಗನೆ ಮಗುಚಲಾರದೆ ಹೋದೆ.

ಅಪ್ಪ ಬೊಂಬಾಯಿಯಲ್ಲಿ ದುಡಿಯುತ್ತಿದ್ದಾನೆಂದು ಅವ್ವ ಹೇಳುತ್ತಿದ್ದಳು. ಹಬ್ಬಕ್ಕೆ ಅವನು ಕಳಿಸಿದ್ದೆಂದು ಲಂಗವನ್ನೂ ತರುತ್ತಿದ್ದಳು. ಅವನು ನಮ್ಮನ್ನು ಬಿಟ್ಟೇ ಹೋದವನು, ಲಂಗ ನಾಟಿಯ ಕೂಲಿಯದು ಎಂದು ತಿಳಿದಾಗ ನನಗೆ ಹದಿನೈದು. ಒಂದು ತಿಂಗಳು ಅವಳೊಡನೆ ಮಾತು ಬಿಟ್ಟಿದ್ದೆ.

ಈ ರಜೆಯಲ್ಲಿ ಅವ್ವನಿಗೆ ರಾಣಿಯ ಕಥೆ ಹೇಳಿದೆ. ಸೊಪ್ಪು ಬಿಡಿಸುತ್ತ ಕೇಳಿದಳು.

"ಪಾಪ, ಅವಳು ಇನ್ನೇನ್ ಹೇಳ್ಬೇಕಿತ್ತು, ಮಗಾ?" ಎಂದು ಒಲೆಯ ಕಡೆ ತಿರುಗಿದಳು.