ಗಂಡುಚಿಪ್ಪಿನ ಎರಡು ವಂಶ

1
ತಾಳವಾಡಿ ಇರುವುದು ಈರೋಡ್ ಜಿಲ್ಲೆಯಲ್ಲಿ. ಅಲ್ಲಿ ಮಳೆ ಹೊಯ್ದರೆ ನೀರು ಬರುವುದು ಚಾಮರಾಜನಗರದ ಚಿಕ್ಕಹೊಳೆ ಜಲಾಶಯಕ್ಕೆ. ದಿಂಬಂ ಘಾಟಿಯ 27 ತಿರುವು ಇಳಿದರೆ ನೀರು ಭವಾನಿಯ ಕಡೆಗೆ. ಎರಡೂ ಕೊನೆಗೆ ಕಾವೇರಿ ಸೇರುತ್ತವೆ.

2
ಕಾವೇರಿ ಸೀಮೆಯ ಕೆರೆ, ಹೊಳೆಗಳ ಕೆಸರಿನಲ್ಲಿ ಕಪ್ಪೆಚಿಪ್ಪು. ಉದ್ದನೆಯದಕ್ಕೆ 1819ರಲ್ಲಿ ಲಮಾರ್ಕ್ ಹೆಸರಿಟ್ಟ. ಈಗ ಲ್ಯಾಮೆಲ್ಲಿಡೆನ್ಸ್ ಮಾರ್ಜಿನಾಲಿಸ್ ಎನ್ನುತ್ತಾರೆ. ಗುಂಡಗಿನದು ಪಾರೆಸಿಯಾ.

3
ಒಂದೇ ಜಾತಿ ನಿಂತ ನೀರಿನಲ್ಲಿ ಒಂದು ಆಕಾರ, ಹರಿಯುವ ನೀರಿನಲ್ಲಿ ಇನ್ನೊಂದು. ಚಿಪ್ಪು ನೋಡಿ ನೆಂಟಸ್ತಿಕೆ ಹೇಳಿದವರು ಹಲವು ಸಲ ತಪ್ಪಿದ್ದಾರೆ. ಹಾಗಾಗಿ ಡಿಎನ್‌ಎ.

4
ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಕ್ಕೆ ತನ್ನದೇ ಡಿಎನ್‌ಎ ಇದೆ. ಸಾಮಾನ್ಯವಾಗಿ ಪ್ರಾಣಿಗಳಲ್ಲಿ ಅದು ತಾಯಿಯಿಂದ ಮಾತ್ರ ಬರುತ್ತದೆ. ತಂದೆಯದು ಬೆರೆಯುವುದಿಲ್ಲವಾದ್ದರಿಂದ ವಂಶ ಹಿಡಿದು ಹಿಂದಕ್ಕೆ ಹೋಗುವುದು ಸುಲಭ.

5
ಹಲವು ಕಪ್ಪೆಚಿಪ್ಪುಗಳು ಈ ನಿಯಮಕ್ಕೆ ಸೇರುವುದಿಲ್ಲ. ಮಗಳಿಗೆ ತಾಯಿಯದು. ಮಗನಿಗೆ ತಾಯಿಯದೂ ತಂದೆಯದೂ. ತಂದೆಯಿಂದ ಬಂದದ್ದು ಮಗನ ವೃಷಣದಲ್ಲಿ ಉಳಿದು ಅವನ ಗಂಡುಮಕ್ಕಳಿಗೆ ದಾಟುತ್ತದೆ. 1990ರ ದಶಕದಲ್ಲಿ ಮೊದಲು ಕಡಲಿನ ನೀಲಿ ಚಿಪ್ಪಿನಲ್ಲಿ, ನಮ್ಮ ಕರಾವಳಿಯ ಪಚ್ಚಿಲೆಯ ದೂರದ ನೆಂಟನಲ್ಲಿ, ಇದು ಗೊತ್ತಾಯಿತು. ಆಮೇಲೆ ಸಿಹಿನೀರಿನವುಗಳಲ್ಲಿ.

6
ಸಿಹಿನೀರಿನ ಚಿಪ್ಪುಗಳಲ್ಲಿ ತಾಯಿ, ತಂದೆಯರ ಈ ಎರಡು ವಂಶದ ಎಳೆ ಬೇರೆಯಾಗಿ 20 ಕೋಟಿ ವರ್ಷಕ್ಕೂ ಹೆಚ್ಚಾಯಿತೆಂದು ಅಂದಾಜು. ಒಂದು ಗಂಡಿನ ತಾಯಿ ಎಳೆ, ಬೇರೆ ಕುಲದ ಚಿಪ್ಪಿನ ತಾಯಿ ಎಳೆಗೆ ಹತ್ತಿರ. ತನ್ನದೇ ಮೈಯೊಳಗಿನ ತಂದೆ ಎಳೆಗೆ ದೂರ. ಇದನ್ನು ಮತ್ತೆ ಮತ್ತೆ ಓದಿದೆ. ಹಾಗೇ ಇದೆ.

7
ಪಾದದ ಚೂರು ಕತ್ತರಿಸಿದರೆ ಸಾಮಾನ್ಯವಾಗಿ ತಾಯಿಯ ಚರಿತ್ರೆ ಸಿಗುತ್ತದೆ. ವೃಷಣದ ಚೂರಿನಲ್ಲಿ ತಂದೆಯದು.

8
ಎರಡು ಎಳೆ ಊರಿಗೂ ಉಂಟು. 1956ರಲ್ಲಿ ಕೊಯಮತ್ತೂರು ಜಿಲ್ಲೆಯಿಂದ ಕೊಳ್ಳೇಗಾಲ ಮೈಸೂರಿಗೆ ಬಂತು. ತಾಳವಾಡಿ ಮದರಾಸಿನಲ್ಲೇ ಉಳಿಯಿತು. ಅಲ್ಲಿ ಬಹಳ ಮಂದಿಯ ಮನೆಮಾತು ಕನ್ನಡ.

9
ಗಂಡು ಹೆಣ್ಣು ಒಂದೇ ಮೈಯಲ್ಲಿರುವ ಚಿಪ್ಪಿನ ಜಾತಿಗಳೂ ಇವೆ. ಅವುಗಳಲ್ಲಿ ತಂದೆ ಎಳೆ ಕಾಣಿಸಿಲ್ಲ.

10
ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಬಂಡೆಗೆ ಅಂಟಿ ಬೆಳೆಯುವ ಚಿಪ್ಪೊಂದಿದೆ, ಸ್ಯೂಡೊಮುಲ್ಲೇರಿಯಾ ಡಾಲ್ಯಿ. 1898ರಲ್ಲಿ ಸ್ಮಿತ್ ವರ್ಣಿಸಿದ್ದು. ಆಫ್ರಿಕದಲ್ಲೂ ದಕ್ಷಿಣ ಅಮೆರಿಕದಲ್ಲೂ ಹೀಗೆ ಅಂಟುವ ಸಿಹಿನೀರಿನ ಚಿಪ್ಪುಗಳಿವೆ. ಮೂರನ್ನೂ ಒಂದೇ ಕುಟುಂಬಕ್ಕೆ ಸೇರಿಸಿದ್ದರು. 2000ದಲ್ಲಿ ಬೋಗನ್ ಮತ್ತು ಹೋ ಡಿಎನ್‌ಎ ನೋಡಿದರು. ನಮ್ಮದು ಕೆಸರಿನ ಮಾಮೂಲಿ ಕಪ್ಪೆಚಿಪ್ಪುಗಳ ಕುಟುಂಬದ್ದು. ಅಂಟುವ ಅಭ್ಯಾಸ ಬೇರೆಯಾಗಿ ಬಂದದ್ದು.

11
ಅಂಟದ ಪಾರೆಸಿಯಾದ ನೆಂಟರು ಮಾತ್ರ ಆಫ್ರಿಕದ ಸರೋವರಗಳಲ್ಲಿದ್ದಾರೆ. ಅದೂ ಡಿಎನ್‌ಎ ಹೇಳಿದ್ದೇ.

12
ಮರಿಗಳನ್ನು ತಾಯಿ ಚಿಪ್ಪು ತನ್ನ ಕಿವಿರಿನಲ್ಲಿ ಇಟ್ಟುಕೊಳ್ಳುತ್ತದೆ. ಹೊರಬಿದ್ದ ಮರಿ ಮೀನಿನ ಕಿವಿರಿಗೋ ರೆಕ್ಕೆಗೋ ಕಚ್ಚಿಕೊಳ್ಳುತ್ತದೆ. ಕೆಸರು ಬಿಟ್ಟು ಏಳದ ಪ್ರಾಣಿ ಹೊಳೆಯ ಮೇಲಕ್ಕೂ ಹೋಗುವುದು ಹೀಗೆ. ಅಣೆಕಟ್ಟೆಯಲ್ಲಿ ಮೀನು ನಿಂತರೆ ಇದೂ ನಿಲ್ಲುತ್ತದೆ.

13
ಹಳ್ಳದ ದಡದಲ್ಲಿ ದನ ಮೇಯಿಸುತ್ತಿದ್ದವರು ಚಿಪ್ಪು ನೋಡಿ ಕೇಳಿದರು: "ಇದ್ರೊಳ್ಗ ಮುತ್ತು ಸಿಕ್ಕದ ಸಾ?"

14
ಭುವನೇಶ್ವರದ ಸಿಹಿನೀರು ಜಲಕೃಷಿ ಸಂಸ್ಥೆಯಲ್ಲಿ ಮುತ್ತು ಬೆಳೆಸುವುದು ಹೆಚ್ಚಾಗಿ ಈ ಲ್ಯಾಮೆಲ್ಲಿಡೆನ್ಸ್‌ನಲ್ಲೇ. ಒಂದು ವಿಧಾನದಲ್ಲಿ ಇನ್ನೊಂದು ಚಿಪ್ಪಿನ ಮೈಪೊರೆಯ ಚೂರನ್ನು ಒಳಗಿಡುತ್ತಾರೆ. ಮುತ್ತು ಕಟ್ಟುವ ಚೀಲ ಬೆಳೆಯುವುದು ಆ ಇನ್ನೊಂದರ ಜೀವಕೋಶಗಳಿಂದ.