ಫರಸಿ ಮೇಲೆ ಹನಿ ಬೀಳದಂತೆ

ಬೀದರಿನ ಮನೆಗಳಿಗೆ ಬಣ್ಣದ ಮೀನು ಬರುತ್ತಿದ್ದದ್ದು ಹೈದರಾಬಾದಿನಿಂದ. ಚಾರ್ಮಿನಾರ್ ಹತ್ತಿರದ ಮುರ್ಗಿ ಚೌಕಿನಲ್ಲಿ ಆಕ್ಸಿಜನ್ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಗೋಲ್ಡ್‌ಫಿಶ್, ಬ್ಲ್ಯಾಕ್ ಮೋಲಿ ಕಟ್ಟಿಸಿಕೊಂಡು, ಜಹೀರಾಬಾದ್ ಮಾರ್ಗದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದೆವು. ಮನ್ನಳ್ಳಿಯಿಂದ ಬಂದು ನಾನು ಬೀದರಿನ ಮೀನಿನ ಅಂಗಡಿಗೆ ಸೇರಿದಾಗ ಮೀನು ಮಾರುವುದಕ್ಕಿಂತ ದೊಡ್ಡ ಕೆಲಸ ಬೇರೆ ಇತ್ತು: ಗಿರಾಕಿಗಳ ಮನೆಗೆ ಹೋಗಿ ಟ್ಯಾಂಕಿನ ನೀರು ಬದಲಿಸುವುದು.

ಚಿಕ್ಕ ಟ್ಯಾಂಕಿನ ಮಾತು ಬಿಡಿ. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ್ದೆಂದರೆ 24 ಘನ ಅಡಿ, ಹೆಚ್ಚುಕಡಿಮೆ 680 ಲೀಟರ್ ನೀರು. ಆಗಿನ ಪದ್ಧತಿ ಒಂದೇ. ಮೀನು ಹಿಡಿದು ಬಕೆಟ್ಟಿಗೆ ಹಾಕು, ನೀರೆಲ್ಲ ತೋಡು, ಜಲ್ಲಿ ತಿಕ್ಕಿ ತೊಳೆ, ಮತ್ತೆ ತುಂಬು. ಪಡಸಾಲೆಯಿಂದ ಬಚ್ಚಲಿಗೆ, ಬಚ್ಚಲಿಂದ ಪಡಸಾಲೆಗೆ ಬಕೆಟ್ಟು ಹೊರುವುದರಲ್ಲೇ ಮಧ್ಯಾಹ್ನ. ಶಹಾಬಾದ್ ಫರಸಿ ಒದ್ದೆಯಾದರೆ ಕಾಲಿಟ್ಟವರು ಜಾರಲೇಬೇಕು. ಒಂದು ಮನೆಯ ಆಯಿ ಬಾಗಿಲಲ್ಲೇ ಕೂತು ಕೇಳುತ್ತಿದ್ದರು, "ಮೀನ ಸಾಕ್ಲತ್ತೀರೋ, ಮನೀ ಕೆರಿ ಮಾಡ್ಲತ್ತೀರೋ ತಮ್ಮಾ?"

ಇಷ್ಟೆಲ್ಲ ಮಾಡಿದ ವಾರದೊಳಗೆ ಮೀನು ಸತ್ತವೆಂದು ದೂರು ಬರುತ್ತಿತ್ತು. ಕಾರಣ ತಿಳಿಯಲು ನಮ್ಮ ಕಸುಬಿಗೆ ಬಹಳ ಕಾಲ ಹಿಡಿಯಿತು. ಮೀನಿನ ಹೊಲಸು, ತಿನ್ನದೆ ಉಳಿದ ಕಾಳು ಕೊಳೆತು ಅಮೋನಿಯಾ ಆಗುತ್ತದೆ. ಜಲ್ಲಿಗೂ ಫಿಲ್ಟರಿನ ಸ್ಪಂಜಿಗೂ ಅಂಟಿಕೊಂಡ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಮೊದಲಿನೆರಡೂ ವಿಷ, ಮೂರನೆಯದು ಬಹಳ ಸೇರಿದರೆ ಮಾತ್ರ ಕೆಡುಕು. ಎಲ್ಲ ತಿಕ್ಕಿ ತೊಳೆದರೆ ಹೋಗುವುದು ಹೊಲಸಷ್ಟೇ ಅಲ್ಲ, ಆ ಬ್ಯಾಕ್ಟೀರಿಯಾವೂ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ನೀರಲ್ಲೇ ಹಿಂಡಿದರೆ ಸಾಕು. ಹೊರುವ ಭಾರ ಮುಕ್ಕಾಲು ಪಾಲು ಇಳಿದದ್ದು ಇಷ್ಟರಿಂದಲೇ. ಯಂತ್ರಗಳು ಬಂದದ್ದು ಆಮೇಲೆ.

ನಮ್ಮ ಮೊದಲ ಒಳ್ಳೆಯ ಸಾಮಾನು ಗೌಂಡಿಗಳ ಲೆವೆಲ್ ಪೈಪು. ಗೋಡೆಯ ಮಟ್ಟ ನೋಡಲು ಅವರು ಹಿಡಿಯುವ ಪಾರದರ್ಶಕ ಪೈಪು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತಿತ್ತು. ಒಳಗೆ ನೀರು ಎಲ್ಲಿದೆ, ಗಾಳಿ ಎಲ್ಲಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಬಾಯಿಂದ ಎಳೆದು ಹೊಲಸು ನೀರು ಕುಡಿದವರು ನಮ್ಮಲ್ಲಿ ಬಹಳ ಮಂದಿ. ಅದರ ಅಗತ್ಯವೇ ಇಲ್ಲ. ಪೈಪನ್ನು ಸುರುಳಿಯಾಗಿ ಟ್ಯಾಂಕಿನೊಳಗೆ ಮುಳುಗಿಸಿ, ಗುಳ್ಳೆಯೆಲ್ಲ ಹೊರಬಿದ್ದ ಮೇಲೆ ಒಂದು ತುದಿಗೆ ಹೆಬ್ಬೆರಳು ಒತ್ತಿ ಹೊರಗೆ ಕೆಳಕ್ಕೆ ಇಳಿಸಿದರಾಯಿತು. ಬೆರಳು ತೆಗೆಯುವ ಮೊದಲು ಆ ತುದಿಯನ್ನು ಬಕೆಟ್ಟಿನ ಹಿಡಿಗೆ ಸುತಳಿಯಿಂದ ಕಟ್ಟಬೇಕು. ಕಟ್ಟದ ಪೈಪು ಹಾವಿನಂತೆ ಹೊರಳಿ ಸೋಫಾ ತೋಯಿಸುತ್ತದೆ. ನೌಬಾದಿನ ಕರೇಜ್ ಎಂಬ ಸುರಂಗ ಕಾಲುವೆಯಲ್ಲಿ ಬಹಮನಿಗಳ ಕಾಲದಿಂದ ನೆಲದಡಿಯ ನೀರು ಬರಿ ಇಳಿಜಾರಿನಿಂದ ಹರಿದಿದೆ. ನಮ್ಮ ಪೈಪಿನ ನೀರು ಗಾಜಿನ ಅಂಚು ಏರಿ ಇಳಿಯಬೇಕು, ಆ ಲೆಕ್ಕ ಬೇರೆ. ಆದರೂ ಊರಿಗೆ ಇಂಥ ವಿದ್ಯೆ ಹೊಸದಲ್ಲ.

ನೀರು ತುಂಬುವುದು ಇಳಿಸಿದಷ್ಟು ಸಲೀಸಲ್ಲ. ಅದಕ್ಕೆ ಕೈಗೆ ಬಂದದ್ದು ಕೂಲರಿನ ಪಂಪು. ಬೀದರಿನ ಬೇಸಿಗೆಯಲ್ಲಿ ಕೂಲರಿಲ್ಲದ ಗಲ್ಲಿ ಎಲ್ಲಿದೆ? ಆ ಪುಟ್ಟ ಪಂಪು ಹೆಚ್ಚು ಎತ್ತರಕ್ಕೆ ನೀರೆತ್ತಲಾರದು, ಡ್ರಮ್ಮಿನಿಂದ ಟ್ಯಾಂಕಿನ ಅಂಚಿಗಾದರೆ ಎತ್ತುತ್ತದೆ. ಪೈಪಿನ ತುದಿ ಟ್ಯಾಂಕಿನ ನೀರೊಳಗೆ ಮುಳುಗಿರಬಾರದು, ಅಷ್ಟೇ. ಮುಳುಗಿದ್ದಾಗ ಕರೆಂಟು ಹೋದರೆ ತುಂಬಿದ ನೀರೆಲ್ಲ ಹಿಂದಕ್ಕೆ ಹರಿದು ಡ್ರಮ್ಮು ಉಕ್ಕುತ್ತದೆ. ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೆಂದು ಬಲ್ಲವರಾರು?

ನಳದ ನೀರಿನ ಕ್ಲೋರಿನ್ ತೆಗೆಯಲು ಹಾಕುತ್ತಿದ್ದ ಹೈಪೊ ಹರಳು ಫೋಟೊ ಸ್ಟುಡಿಯೋದವರೂ ಬಳಸುತ್ತಿದ್ದದ್ದೇ. ಡಿಜಿಟಲ್ ಕ್ಯಾಮೆರಾ ಬಂದು ಅವರ ಕತ್ತಲೆಕೋಣೆಗಳು ಮುಚ್ಚಿದವು. ಹೈಪೊ ಮಾತ್ರ ಮೀನಿನ ಅಂಗಡಿಯಲ್ಲಿ ಉಳಿಯಿತು. ಮೇ ತಿಂಗಳಲ್ಲಿ ಮಾಳಿಗೆಯ ಸಿಂಟೆಕ್ಸಿನ ನೀರು ಮಧ್ಯಾಹ್ನ ಕೈ ಸುಡುತ್ತದೆ, ಆದ್ದರಿಂದ ನಸುಕಿನಲ್ಲೇ ಕೆಲಸ. ಚಳಿಗಾಲದಲ್ಲಿ ಮೊದಲು ಹೀಟರಿನ ಸ್ವಿಚ್ ಆರಿಸಬೇಕು. ನೀರು ಇಳಿದು ಬಿಸಿ ಗಾಜು ಬಯಲಾದರೆ ಹೊಸ ನೀರು ತಾಗಿದೊಡನೆ ಸೀಳುತ್ತದೆ.

2016ರ ಬರಗಾಲ ಈ ಕಸುಬಿನ ಮುಖವನ್ನೇ ತಿರುಗಿಸಿತು. ಆ ಏಪ್ರಿಲ್‌ನಲ್ಲಿ ಪಕ್ಕದ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ನೀರು ಹೋಯಿತು. ಮೊದಲ ರೈಲಿನ ಹತ್ತು ವ್ಯಾಗನ್‌ಗಳಲ್ಲಿ 5 ಲಕ್ಷ ಲೀಟರ್. ಮನ್ನಳ್ಳಿಯಲ್ಲಿ ನಮ್ಮವರು ಬೋರಿನ ಮುಂದೆ ಕೊಡ ಸಾಲಿಡುತ್ತಿದ್ದಾಗ, ನಾನು ಬೀದರಿನಲ್ಲಿ ದೊಡ್ಡ ಟ್ಯಾಂಕಿನ ಒಂದೊಂದು ಮನೆಯಲ್ಲೂ ಕಾಲು ಭಾಗವೆಂದು 170 ಲೀಟರ್ ಬಚ್ಚಲಿಗೆ ಬಿಡುವುದು ನೋಡಲಾಗದ ಮಾತಾಗಿತ್ತು. ಕೆಲವರು ಮೀನು ಕೊಟ್ಟು ಟ್ಯಾಂಕು ಬೋರಲು ಹಾಕಿದರು. ಉಳಿದವರ ಮನೆಯಲ್ಲಿ ಪೈಪು ಉದ್ದವಾಯಿತು: ಕಿಟಕಿಯ ಸರಳಿನೊಳಗಿಂದ ಹಾಯಿಸಿ ನೇರ ಅಂಗಳದ ಪೇರಲ ಗಿಡದ ಬುಡಕ್ಕೆ. ನೈಟ್ರೇಟ್ ಮೀನಿಗೆ ಬೇಡವಾದದ್ದು, ಗಿಡಕ್ಕೆ ಗೊಬ್ಬರ. ಬಕೆಟ್ಟೇ ಇಲ್ಲವೆಂದಾದ ಮೇಲೆ ಫರಸಿ ತೋಯುವ ಮಾತೂ ಇಲ್ಲ. ನೀರು ಉಳಿಸಲು ಮಾಡಿದ್ದು ಮನೆಯನ್ನೂ ಒಣಗಿಸಿತು.

ಈಗ ಕೊಳಾಯಿಗೆ ಸಿಕ್ಕಿಸುವ ಕಿಟ್ಟುಗಳು ಮೊಬೈಲಿನಲ್ಲಿ ಒತ್ತಿದರೆ ಮನೆಗೇ ಬರುತ್ತವೆ. ಅಮೆರಿಕದ ಮನೆಗಳಿಗೆ ಅವು ಸರಿ. ಕೊಳಾಯಿ ಹರಿಸಿ, ಅದರ ರಭಸದಿಂದ ಟ್ಯಾಂಕಿನ ನೀರೆಳೆಯುವ ಆ ಸಾಮಾನು ಎಳೆದಷ್ಟೇ ಅಲ್ಲ, ಅದರ ಮೇಲೂ ಒಳ್ಳೆಯ ನೀರನ್ನು ಮೋರಿಗೆ ಚೆಲ್ಲುತ್ತದೆ. ನಮ್ಮ ಜಿಲ್ಲೆಯಲ್ಲಿ ಅದನ್ನು ಮಾರುವುದು ನನಗೆ ಒಪ್ಪಿಗೆಯಿಲ್ಲ. ಹುಡುಗರು ವಿಡಿಯೋ ನೋಡಿ ತಾವೇ ಪೈಪು ಹಾಕಿಕೊಳ್ಳುವುದರಿಂದ ನಮಗೆ ಕರೆ ಕಡಿಮೆ. ಬರುವ ಕರೆಗಳೂ ಬೇರೆ ತರ. "ಗಿಡ ಬಾಡ್ಲತ್ತಾವ ಅಣ್ಣಾ, ಟ್ಯಾಂಕ್ ನೀರ ಯಾವಾಗ ತಗೀತಿ?" ಎನ್ನುತ್ತಾರೆ. ಮೀನಿಗೆ ರೋಗ ಬಂದಾಗ ಟ್ಯಾಂಕಿಗೆ ಉಪ್ಪು ಹಾಕುವ ರೂಢಿಯಿದೆ, ಆ ನೀರು ಗಿಡಕ್ಕೆ ಆಗದು. ಹಾಗಾಗಿ ಹೊರಡುವ ಮುಂಚೆ ನಾನೂ ಕೇಳುತ್ತೇನೆ, "ಈ ವಾರ ಉಪ್ಪ ಹಾಕೀರೇನ್ರಿ?"